ಕೋಳಿಯ ಗಂಟಲಿಗೆ ಮುಚ್ಚಳವಿಲ್ಲ

ಚಿತ್ರದುರ್ಗದ ಕಡೆ ಹಿತ್ತಿಲಲ್ಲಿ ನಾಟಿ ಕೋಳಿ ಸಾಕುವ ಹಲವರು ಔಷಧ ಕುಡಿಸುವ ಕ್ರಮ ಎತ್ತಿಗೆ ಬಿದಿರಿನ ಗೊಟ್ಟದಲ್ಲಿ ಕುಡಿಸುವುದರ ಮರಿ ರೂಪ. ಒಬ್ಬರು ಅದುಮಿ ಹಿಡಿಯುತ್ತಾರೆ, ಇನ್ನೊಬ್ಬರು ಕೊಕ್ಕು ಅಗಲಿಸಿ ಚಮಚದಲ್ಲಿದ್ದುದನ್ನು ಒಮ್ಮೆಲೇ ಸುರಿಯುತ್ತಾರೆ. ಕೋಳಿ ಗೊರಗೊರ ಎಂದು ಸತ್ತರೆ ಯಾರದೋ ಕಣ್ಣು ತಾಗಿತು ಎನ್ನುತ್ತಾರೆ. ಪಾಪ, ಆ ಕಣ್ಣಿನವರು ಅಂಗಳಕ್ಕೂ ಬಂದಿರುವುದಿಲ್ಲ.

ಕೋಳಿಯ ಬಾಯಿ ತೆರೆದು ನೋಡಿ. ನಾಲಿಗೆಯ ಬುಡದ ನಟ್ಟನಡುವೆ ಒಂದು ಸೀಳು ಉಸಿರಿಗೊಮ್ಮೆ ಬಿಚ್ಚಿಕೊಳ್ಳುತ್ತದೆ. ಅದೇ ಶ್ವಾಸನಾಳದ ಬಾಯಿ. ನಾವು ನುಂಗುವಾಗ ಇಂಥದೇ ಜಾಗದ ಮೇಲೆ ಎಪಿಗ್ಲಾಟಿಸ್ ಎಂಬ ಮುಚ್ಚಳ ಬಾಗುತ್ತದೆ. ಹಕ್ಕಿಗಳಿಗೆ ಆ ಮುಚ್ಚಳವೇ ಇಲ್ಲ. ತಾನಾಗಿ ನುಂಗುವಾಗ ಸ್ನಾಯುಗಳು ಸೀಳನ್ನು ಬಿಗಿದುಕೊಳ್ಳುತ್ತವೆ. ಗಾಬರಿಯಿಂದ ಏದುಸಿರು ಬಿಡುತ್ತಿರುವ ಕೋಳಿಯಲ್ಲಿ ಅದು ತೆರೆದೇ ಇರುತ್ತದೆ, ಸುರಿದದ್ದು ನೇರ ಒಳಗಿಳಿಯುತ್ತದೆ.

ಇಳಿದದ್ದು ಎಲ್ಲಿಗೆ ಹೋಗುತ್ತದೆ ಎಂಬುದೇ ಸ್ವಾರಸ್ಯ. ಕೋಳಿಯ ಶ್ವಾಸಕೋಶ ಉಬ್ಬಿ ಕುಗ್ಗುವುದಿಲ್ಲ; ಪಕ್ಕೆಲುಬಿಗೆ ಅಂಟಿಕೊಂಡು ಬಹುಮಟ್ಟಿಗೆ ಅಲುಗದೆ ಕೂತಿರುತ್ತದೆ. ಅದರ ಮೂಲಕ ಗಾಳಿಯನ್ನು ಎಳೆದು ದೂಡುವವು ಕಮ್ಮಾರನ ತಿದಿಯಂಥ ಎಂಟೊಂಬತ್ತು ತೆಳು ಚೀಲಗಳು. ಅವು ಹೊಟ್ಟೆಯೊಳಗೆ ಹರಡಿವೆ, ಮೂಳೆಗಳೊಳಕ್ಕೂ ಚಾಚಿವೆ. 18ನೇ ಶತಮಾನದಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ಕೋಳಿಯ ರೆಕ್ಕೆಯ ಮೂಳೆ ಕತ್ತರಿಸಿ, ಶ್ವಾಸನಾಳವನ್ನು ಕಟ್ಟಿ ನೋಡಿದ. ಗಾಳಿ ಮೂಳೆಯ ಮೂಲಕವೇ ಆಡಿತು! ಕ್ರೂರ ಪ್ರಯೋಗ, ಆದರೆ ಎಂಥ ಉತ್ತರ. ಇಷ್ಟು ದೂರ ಹಬ್ಬಿದ ಚೀಲಗಳಲ್ಲಿ ರಕ್ತನಾಳಗಳು ವಿರಳ, ಹಾಗಾಗಿ ಸುರಿದ ಔಷಧದ ಜೊತೆ ಅಲ್ಲಿ ಸೇರಿದ ಸೋಂಕು ಸುಲಭಕ್ಕೆ ಹೋಗುವುದಿಲ್ಲ. ನಮ್ಮಂತೆ ಗಟ್ಟಿಯಾಗಿ ಕೆಮ್ಮಿ ಹೊರಹಾಕೋಣವೆಂದರೆ ಕೋಳಿಗೆ ಎದೆ-ಹೊಟ್ಟೆಗಳ ನಡುವಿನ ಸ್ನಾಯುಪರದೆಯಾದ ವಪೆಯೂ ಇಲ್ಲ.

ಎಣ್ಣೆಯಂತೂ ಇನ್ನೂ ಕೆಟ್ಟದ್ದು. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ನಾಡಿನಲ್ಲಿ ಹೀಗೆನ್ನುವುದು ಕಷ್ಟ. ಆದರೂ ಸಪ್ಪೆ ಎಣ್ಣೆ ಗಂಟಲನ್ನು ಕೆರಳಿಸದೆ ಜಾರಿ ಶ್ವಾಸಕೋಶ ಸೇರಿಬಿಡಬಲ್ಲದು.

ಕುಡಿಸುವ ಕೆಲಸ ತಂಪು ಹೊತ್ತಿನಲ್ಲಿ ಆಗಲಿ. ಬಿಸಿಲಿಗೆ ಬಾಯಿ ಬಿಟ್ಟು ತೇಕುತ್ತಿರುವ ಕೋಳಿಗೆ ಕುಡಿಸಬಾರದು. ರೆಕ್ಕೆ ಬಡಿಯದಂತೆ ಟವಲಿನಲ್ಲಿ ಸುತ್ತಿ ನೆಟ್ಟಗೆ ಕೂರಿಸಿ. ಎದೆಯನ್ನು ಮಾತ್ರ ಒತ್ತಬೇಡಿ, ಎದೆಮೂಳೆ ಆಡಿದರಷ್ಟೇ ಅದಕ್ಕೆ ಉಸಿರು. ಸೂಜಿ ತೆಗೆದ ಸಿರಿಂಜಿನಿಂದ ಕೊಕ್ಕಿನ ಅಂಚಿಗೆ ಒಂದು ಹನಿ ಬಿಡಿ. ಅದು ನುಂಗಿದ ಮೇಲೆ ಇನ್ನೊಂದು. ಗಂಟಲೊಳಕ್ಕೆ ಸಿರಿಂಜ್ ತೂರಿಸುವ ವಿದ್ಯೆಯನ್ನು ಪಶುವೈದ್ಯರ ಎದುರಿನಲ್ಲೇ ಕಲಿಯಬೇಕು. ತಲೆ ಜೋತುಬಿದ್ದು, ನುಂಗಲೂ ಆಗದ ಕೋಳಿಗೆ ಬಾಯಿಯ ಮೂಲಕ ಏನನ್ನೂ ಕೊಡಬೇಡಿ. ಕುಡಿಯುವ ನೀರಿಗೇ ಔಷಧ ಬೆರೆಸಿದರೆ ಸಾಲದೇ? ಕಾಯಿಲೆಯ ಕೋಳಿ ನೀರನ್ನೇ ಮುಟ್ಟದಿದ್ದರೆ ಔಷಧವೂ ಬಟ್ಟಲಲ್ಲೇ ಉಳಿಯುತ್ತದೆ.

ಹಳ್ಳಿಗಳಲ್ಲಿ ಕೊಕ್ಕರೆ ರೋಗ ಎನ್ನುವ ರಾಣಿಖೇತ್ ಬಂದಿದ್ದರೆ ಎಷ್ಟು ನಾಜೂಕಾಗಿ ಕುಡಿಸಿದರೂ ವ್ಯರ್ಥ. ಅದು ವೈರಾಣುವಿನ ರೋಗ, ಆ್ಯಂಟಿಬಯಾಟಿಕ್‌ಗೆ ಜಗ್ಗುವುದಿಲ್ಲ. ಮರಿಯಿದ್ದಾಗಲೇ ಕಣ್ಣಿಗೆ ಹಾಕಿಸುವ ಲಸಿಕೆಯ ಹನಿಯೇ ರಕ್ಷಣೆ. ಬೇರೆ ಕಾಯಿಲೆಗೆ ವೈದ್ಯರು ಔಷಧ ಬರೆದುಕೊಟ್ಟರೆ, ಆ ಕೋಳಿಯ ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದೆಂದು ಅಲ್ಲೇ ಕೇಳಿಕೊಂಡು ಬನ್ನಿ.