ಲಿಫ್ಟ್ ಪಂಪ್ ಜೋಡಣೆ: ಎಳೆಯುವ ಬದಿಯನ್ನು ಮೊದಲು ನೋಡಿ

ಲಿಫ್ಟ್ ಪಂಪ್‌ನ ಕೆಲಸ ಒಂದೇ: ಟ್ಯಾಂಕಿನ ಡೀಸೆಲ್ಲನ್ನು ಗಾಳಿ ಸೇರದಂತೆ, ಕೊರತೆಯಾಗದಂತೆ ಇಂಜೆಕ್ಷನ್ ಪಂಪ್‌ನ ಬಾಯಿಗೆ ಮುಟ್ಟಿಸುವುದು. ಸಿಲಿಂಡರಿಗೆ ಸಿಂಪಡಿಸಲು ಬೇಕಾದ ಭಾರೀ ಒತ್ತಡವನ್ನು ಇಂಜೆಕ್ಷನ್ ಪಂಪ್ ಹುಟ್ಟಿಸುತ್ತದೆ. ಆದರೆ ಅದಕ್ಕೆ ಡೀಸೆಲ್ ಬರೀ ಇಂಧನವಲ್ಲ. ಅದರ ಒಳಭಾಗಗಳನ್ನು ಜಾರುವಂತೆ ಇಡುವುದೂ ತಣ್ಣಗಿಡುವುದೂ ಅದೇ ಡೀಸೆಲ್. ಹಾಗಾಗಿ ಪೂರೈಕೆ ಸೊರಗಿದಾಗ ಎಂಜಿನ್‌ನ ಎಳೆತ ಕಡಿಮೆಯಾದದ್ದು ನಮ್ಮ ಗಮನಕ್ಕೆ ಬರುವ ಮೊದಲೇ ಇಂಜೆಕ್ಷನ್ ಪಂಪ್ ಸವೆಯತೊಡಗಿರಬಹುದು.

ಎಷ್ಟು ಒತ್ತಡ ಬೇಕು ಎಂಬುದು ಇಂಜೆಕ್ಷನ್ ಪಂಪ್ ಯಾವುದು ಎಂಬುದರ ಮೇಲೆ ನಿಂತಿದೆ. ಡಾಡ್ಜ್ ರಾಮ್ ಟ್ರಕ್ಕುಗಳ 5.9 ಲೀಟರ್ ಕಮಿನ್ಸ್ ಎಂಜಿನ್ನನ್ನೇ ನೋಡಿ. 12 ವಾಲ್ವ್ ಮಾದರಿಯ ಪಿ7100 ಪಂಪ್‌ಗೆ ಲೋಡ್‌ನಲ್ಲಿ ಸುಮಾರು 25 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಬೇಕು. 2002ರವರೆಗೆ ಬಂದ 24 ವಾಲ್ವ್ ಮಾದರಿಯ ವಿಪಿ44 ಪಂಪ್‌ಗೆ ಯಾವ ಹೊತ್ತಿನಲ್ಲೂ 10 ಪಿಎಸ್‌ಐಗಿಂತ ಕೆಳಗಿಳಿಯಬಾರದು. ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಹಂಚುವ ಕಾಮನ್ ರೈಲ್ ಎಂಜಿನ್‌ಗಳ ಸಿಪಿ3 ಪಂಪ್ ತನ್ನದೇ ಗೇರ್ ಪಂಪ್‌ನಿಂದ ಡೀಸೆಲ್ ಎಳೆದುಕೊಳ್ಳಬಲ್ಲದು. 2010ರವರೆಗಿನ, ಜನರಲ್ ಮೋಟರ್ಸ್‌ನ ಡ್ಯೂರಾಮ್ಯಾಕ್ಸ್ ಡೀಸೆಲ್ ಟ್ರಕ್ಕುಗಳು ಲಿಫ್ಟ್ ಪಂಪ್ ಇಲ್ಲದೆಯೇ ಕಾರ್ಖಾನೆಯಿಂದ ಬಂದದ್ದು ಇದೇ ಕಾರಣಕ್ಕೆ. ದೊಡ್ಡ ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಳಿಕೆ) ಹಾಕಿದ ಮೇಲೆ ಮಾತ್ರ ಆ ಎಳೆತವನ್ನೇ ನಂಬಿ ಕೂರುವುದು ಸರಿಯಲ್ಲ. ಒತ್ತಡ ಹೆಚ್ಚಾದಷ್ಟೂ ಒಳ್ಳೆಯದು ಎಂದೂ ತಿಳಿಯಬೇಡಿ. ಮಿತಿ ಮೀರಿದರೆ ಸೀಲುಗಳು ಸೋಲುತ್ತವೆ.

ಇನ್ನು ಹರಿವಿನ ಲೆಕ್ಕ. 500 ಅಶ್ವಶಕ್ತಿ ಎಂದರೆ ಸುಮಾರು 373 ಕಿಲೋವ್ಯಾಟ್. ಪ್ರತಿ ಕಿಲೋವ್ಯಾಟ್‌ಗೆ ಗಂಟೆಗೆ 250 ಗ್ರಾಂ ಡೀಸೆಲ್ ಎಂದಿಟ್ಟುಕೊಂಡರೆ 93 ಕಿಲೋ, ಅಂದರೆ ಗಂಟೆಗೆ ಸುಮಾರು 110 ಲೀಟರ್. ಮಾರುಕಟ್ಟೆಯಲ್ಲಿ ಸಿಗುವ 150 ಗ್ಯಾಲನ್ ಪಂಪ್ ಗಂಟೆಗೆ 568 ಲೀಟರ್ ಹರಿಸುತ್ತದೆ. ಐದು ಪಟ್ಟು ಏಕೆ ಎಂದು ನಾನೂ ಮೊದಲು ತಲೆ ಕೆಡಿಸಿಕೊಂಡಿದ್ದೆ. ಪಂಪ್ ಮೇಲೆ ಬರೆದಿರುವುದು ಸಾಮಾನ್ಯವಾಗಿ ಅಡೆತಡೆಯಿಲ್ಲದ ಹರಿವು. ಫಿಲ್ಟರ್, ಪೈಪು, ತಿರುವುಗಳು ಅದರಲ್ಲಿ ಒಂದು ಪಾಲನ್ನು ತಿನ್ನುತ್ತವೆ. ಇಂಜೆಕ್ಷನ್ ಪಂಪ್‌ನ ಬಿಸಿಯನ್ನು ಹೊತ್ತು ರಿಟರ್ನ್ ಲೈನ್‌ನಲ್ಲಿ ಟ್ಯಾಂಕಿಗೆ ಮರಳುವ ಡೀಸೆಲ್ ಇನ್ನೊಂದು ಪಾಲು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪಂಪ್‌ಗೆ ತಳ್ಳುವುದು ಸುಲಭ, ಎಳೆಯುವುದು ಕಷ್ಟ. ಹೀಗಾಗಿ ಅದನ್ನು ಟ್ಯಾಂಕಿಗೆ ಹತ್ತಿರದಲ್ಲಿ, ಟ್ಯಾಂಕಿನಷ್ಟೇ ಕೆಳಮಟ್ಟದಲ್ಲಿ ಕೂರಿಸಬೇಕು. ಎಳೆಯುವ ಬದಿಯ, ಅಂದರೆ ಟ್ಯಾಂಕಿನಿಂದ ಪಂಪ್‌ಗೆ ಬರುವ ಪೈಪು ಅರ್ಧ ಇಂಚಿನದಿರಲಿ, ಗಿಡ್ಡವಾಗಿರಲಿ, ಚೂಪು ಮೊಣಕೈಗಳು ಬೇಡ. ಎಳೆತ ಬಿಗಿಯಾದರೆ ಡೀಸೆಲ್‌ನಲ್ಲಿ ಕರಗಿದ್ದ ಗಾಳಿಯೂ ಗುಳ್ಳೆಯಾಗಿ ಹೊರಬರುತ್ತದೆ.

ನಾನು ಪಾಠ ಕಲಿತದ್ದು ಒಂದು ಏರು ರಸ್ತೆಯಲ್ಲಿ. ಐಡಲ್‌ನಲ್ಲಿ 16 ಪಿಎಸ್‌ಐ ತೋರಿಸುತ್ತಿದ್ದ ಒತ್ತಡದ ಗೇಜ್, ಲೋಡ್ ಹೊತ್ತು ಏರುವಾಗ 7ಕ್ಕೆ ಕುಸಿಯಿತು. ಹೊಸ ಪಂಪ್ ಹಾಕಿದೆ, ಮತ್ತೆ 7. ಆಮೇಲೆ ಎಳೆಯುವ ಬದಿಗೆ ಗೇಣುದ್ದದ ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಸೇರಿಸಿ, ಎಂಜಿನ್ ಚಾಲೂ ಮಾಡಿ, ಪಕ್ಕದಲ್ಲಿ ಕುಳಿತು ನೋಡಿದೆ. ಐಡಲ್‌ನಲ್ಲಿ ಡೀಸೆಲ್ ಗಾಜಿನಂತೆ ತಿಳಿಯಾಗಿತ್ತು. ಆಕ್ಸಿಲರೇಟರ್ ಒತ್ತಿಸಿದ ಕೂಡಲೇ ಸಾಸಿವೆ ಗಾತ್ರದ ಗುಳ್ಳೆಗಳು ಸಾಲುಗಟ್ಟಿ ಹರಿದವು. ಟ್ಯಾಂಕಿನಿಂದ ಡೀಸೆಲ್ ಎತ್ತುವ ಪಿಕಪ್ ಪೈಪಿನ ಕೂಡುಗೆಯಲ್ಲಿದ್ದ ಓ-ರಿಂಗ್ (ರಬ್ಬರ್ ಸೀಲ್ ಬಳೆ) ಒಣಗಿ ಬಿರುಕು ಬಿಟ್ಟಿತ್ತು. ಹೊರಗೆ ಒಂದು ಹನಿಯೂ ಸೋರಿರಲಿಲ್ಲ. ಎಳೆಯುವ ಬದಿಯ ಬಿರುಕು ಡೀಸೆಲ್ಲನ್ನು ಹೊರಗೆ ಬಿಡುವುದಿಲ್ಲ, ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಸೋರಿಕೆ ಕಾಣಲಿಲ್ಲವೆಂದು ಆ ಕೂಡುಗೆಯನ್ನು ನಾನು ಮುಟ್ಟಿಯೇ ಇರಲಿಲ್ಲ.

ಟ್ಯಾಂಕಿನೊಳಗೂ ಇಂಥದ್ದೇ ಒಂದು ತೊಡಕಿದೆ. ರಿಟರ್ನ್ ಪೈಪಿನ ಬಾಯಿ ಪಿಕಪ್‌ಗೆ ತೀರಾ ಹತ್ತಿರವಿದ್ದರೆ ನೊರೆ ತುಂಬಿದ ಡೀಸೆಲ್ಲೇ ಮತ್ತೆ ಒಳಗೆ ಹೋಗುತ್ತದೆ. ಟ್ಯಾಂಕ್ ಕಾಲುಭಾಗಕ್ಕಿಂತ ಕೆಳಗಿಳಿದಾಗ ಇದು ಎದ್ದು ಕಾಣುತ್ತದೆ. ಎರಡನ್ನೂ ಸಾಧ್ಯವಾದಷ್ಟು ದೂರವಿಡಿ.

ವಿದ್ಯುತ್ ಸಂಪರ್ಕದಲ್ಲಿ ಹೆಚ್ಚು ಹೇಳುವುದಿಲ್ಲ. ಬ್ಯಾಟರಿಯಿಂದ ನೇರ ಫ್ಯೂಸ್, ಅಲ್ಲಿಂದ ರಿಲೇ, ದಪ್ಪ ವೈರು, ಬಣ್ಣ ಕೆರೆದ ಲೋಹದ ಮೇಲೆ ಅರ್ತ್. ಪಂಪ್ ಓಡುತ್ತಿರುವಾಗಲೇ ಅದರ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಗಿಂತ ಅರ್ಧ ವೋಲ್ಟ್‌ಗಿಂತ ಹೆಚ್ಚು ಕಡಿಮೆಯಿದ್ದರೆ ವೈರು ಅಥವಾ ಅರ್ತ್ ಸರಿಯಿಲ್ಲ. ಎಂಜಿನ್ ನಿಂತರೆ ಪಂಪ್ ತಾನಾಗಿ ನಿಲ್ಲುವಂತೆ ರಿಲೇಗೆ ಸಂಕೇತ ಕೊಡಲೇಬೇಕು. ಅಪಘಾತದಲ್ಲಿ ಪೈಪು ಹರಿದಾಗ ಪಂಪ್ ಓಡುತ್ತಲೇ ಇದ್ದರೆ ಬೆಂಕಿಗೆ ಡೀಸೆಲ್ ಸುರಿದಂತೆ.

ಗೇಜ್‌ಗೆ ಒತ್ತಡವನ್ನು ಇಂಜೆಕ್ಷನ್ ಪಂಪ್‌ನ ಬಾಯಿಯಲ್ಲಿಯೇ, ಎಲ್ಲ ಫಿಲ್ಟರ್‌ಗಳ ನಂತರ ತೆಗೆದುಕೊಳ್ಳಿ. ಡೀಸೆಲ್ ಪೈಪನ್ನು ಕ್ಯಾಬಿನ್ ಒಳಗೆ ತರಬೇಡಿ, ಎಲೆಕ್ಟ್ರಿಕ್ ಸೆನ್ಸರ್ ಹಾಕಿ. ಒತ್ತಡದ ಬಡಿತಕ್ಕೆ ಸೆನ್ಸರ್ ಹಾಳಾಗದಂತೆ ಅದರ ಮುಂದೊಂದು ಸಣ್ಣ ನೀಡಲ್ ವಾಲ್ವ್ ಇರಲಿ. ಹೊಸ ಫಿಲ್ಟರ್ ಹಾಕಿದ ದಿನ ಪೂರ್ಣ ಲೋಡ್‌ನಲ್ಲಿ ಕಂಡ ಅಂಕಿಯನ್ನು ನಾನು ದಿನಾಂಕದೊಂದಿಗೆ ಫಿಲ್ಟರ್ ಮೈಮೇಲೆಯೇ ಬರೆದಿಡುತ್ತೇನೆ. ಅದು 3 ಪಿಎಸ್‌ಐ ಇಳಿದಾಗ ಫಿಲ್ಟರ್ ಬದಲಿಸುತ್ತೇನೆ. ಬದಲಿಸಿದ ಮೇಲೂ ಏರದಿದ್ದರೆ ಪಾರದರ್ಶಕ ಪೈಪನ್ನು ಮತ್ತೆ ಹೊರತೆಗೆಯುತ್ತೇನೆ.