ಗುಜರಿಗೆ ಹೊರಟಿದ್ದ ಕುದುರೆ

ಒಂದು ಹಳೇ ವ್ಯಾಯಾಮಶಾಲೆಯ ಗೋದಾಮು ಖಾಲಿ ಮಾಡುತ್ತಿದ್ದಾರೆ ಎಂದು ಗೊತ್ತಾಗಿ ನಾನು ಹೋಗುವಷ್ಟರಲ್ಲಿ ಅರ್ಧ ಸಾಮಾನು ಟೆಂಪೊ ಹತ್ತಿ ಆಗಿತ್ತು. ಉಳಿದದ್ದರಲ್ಲಿ ಒಂದು ವಾಲ್ಟಿಂಗ್ ಹಾರ್ಸ್ ಇತ್ತು. ಜಿಮ್ನಾಸ್ಟಿಕ್ಸ್‌ನ ವಾಲ್ಟ್ ಸ್ಪರ್ಧೆಯಲ್ಲಿ ಓಡಿ ಬಂದು, ಕೈ ಊರಿ ಹಾರುವ ಸಲಕರಣೆ ಅದು. ನಾವು ಸುಮ್ನೆ ‘ಕುದುರೆ’ ಎನ್ನುತ್ತೇವೆ. ಚರ್ಮ ಹರಿದು ಒಳಗಿನ ನಾರು ಹೊರಗೆ ಬಂದಿತ್ತು. ಆದರೆ ಕೈ ಊರುವ ಜಾಗದಲ್ಲಿ ಮಾತ್ರ ಕಪ್ಪಗೆ ಹೊಳೆಯುತ್ತಿತ್ತು. ಎಷ್ಟೋ ವರ್ಷ, ಎಷ್ಟೋ ಮಕ್ಕಳ ಅಂಗೈ ತಿಕ್ಕಿ ತಿಕ್ಕಿ ಬಂದ ಹೊಳಪು ಅದು.

"ಇದನ್ಯಾಕೆ ಕೇಳ್ತೀರಿ ಸಾರ್, ಯಾವ ಸ್ಪರ್ಧೆಗೂ ಬರೋದಿಲ್ಲ" ಎಂದರು ಅಲ್ಲಿದ್ದವರು. ಅವರ ಮಾತು ನಿಜ. 2001ರಿಂದ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕುದುರೆ ಇಲ್ಲ. ಅದರ ಜಾಗಕ್ಕೆ ಅಗಲವಾದ ಟೇಬಲ್ ಬಂದಿದೆ. ಆದರೂ ಗುಜರಿಯವನು ಕೊಡುವಷ್ಟೇ ದುಡ್ಡು ಕೊಟ್ಟು ಮನೆಗೆ ತಂದೆ.

ನನ್ನ ಹತ್ತಿರ ಕಲಿಯುವ ಹುಡುಗಿಯರಿಗೆಲ್ಲ ದೀಪಾ ಕರ್ಮಾಕರ್ ಗೊತ್ತು. 2016ರ ರಿಯೊ ಒಲಿಂಪಿಕ್ಸ್ ವಾಲ್ಟ್ ಫೈನಲ್‌ನಲ್ಲಿ 15.066 ಅಂಕ, ನಾಲ್ಕನೇ ಸ್ಥಾನ. ಕಂಚಿಗೆ ಬೇಕಿದ್ದದ್ದು ಇನ್ನು 0.150. ಆಕೆ ಹಾರಿದ್ದು ಪ್ರೊಡುನೊವಾ: ಕೈ ಊರಿ ಮೇಲೆದ್ದು ಮುಂದಕ್ಕೆ ಎರಡು ಪಲ್ಟಿ. ಅದಕ್ಕೆ ಆ ಹೆಸರು ಬಂದದ್ದು ರಷ್ಯಾದ ಯೆಲೆನಾ ಪ್ರೊಡುನೊವಾ ಅವರಿಂದ. ಅವರು ಅದನ್ನು ಮಾಡಿದ್ದು 1999ರಲ್ಲಿ. ಅಂದರೆ ಟೇಬಲ್ ಬರುವ ಮೊದಲು, ಇದೇ ಥರದ ಕುದುರೆಯ ಮೇಲೆ. ಹೆಣ್ಣುಮಕ್ಕಳಿಗೆ ಕುದುರೆಯನ್ನು ಅಡ್ಡ ಇಡುತ್ತಿದ್ದರು. ಅಗಲ ಒಂದು ಅಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಓಡಿ ಬಂದು ಅಷ್ಟು ಚಿಕ್ಕ ಜಾಗದಲ್ಲಿ ಎರಡೂ ಕೈ ಇಡಬೇಕು. ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳು ತಲೆ ಆಡಿಸುತ್ತಾರೆ. ಕುದುರೆಯ ಮೇಲೆ ಕೈ ಇಡಿಸಿದರೆ ಸುಮ್ಮನಾಗುತ್ತಾರೆ. ಒಬ್ಬಳಂತೂ ಗೇಣು ಹಾಕಿ ಅಳೆದು, "ಇಷ್ಟೇನಾ ಸಾರ್?" ಎಂದಳು.

ದೀಪಾ ಚಿಕ್ಕವಳಿದ್ದಾಗ ಅಗರ್ತಲಾದಲ್ಲಿ ಸರಿಯಾದ ಸಲಕರಣೆ ಇರಲಿಲ್ಲ. ಕೋಚ್ ಬಿಶ್ವೇಶ್ವರ್ ನಂದಿ ಹಳೇ ಸ್ಕೂಟರಿನ ಬಿಡಿಭಾಗ ಸೇರಿಸಿ ಕೆಲಸ ನಡೆಸಿದರು ಎಂಬ ಕಥೆ ಪೇಪರಿನಲ್ಲಿ ಓದಿದ್ದೀರಿ, ಅಲ್ವಾ? ಅಂಥ ವಸ್ತು ಗಾಜಿನ ಪೆಟ್ಟಿಗೆಯಲ್ಲಿ ಇರಬೇಕಾದದ್ದು. ನಮ್ಮಲ್ಲಿ ಮೆಡಲ್ ಮಾತ್ರ ಶೋಕೇಸ್ ಸೇರುತ್ತದೆ. ಮೆಡಲ್ ತಂದುಕೊಟ್ಟ ಸಾಮಾನು ತೂಕಕ್ಕೆ ಹೋಗುತ್ತದೆ.

ಸಲಕರಣೆಯ ಚರಿತ್ರೆ ಗೊತ್ತಿರುವುದು ಪ್ರಾಣದ ಪ್ರಶ್ನೆಯೂ ಹೌದು. ಯುರ್ಚೆಂಕೊ ಎಂಬ ವಾಲ್ಟ್‌ನಲ್ಲಿ ಓಡಿ ಬಂದು, ಬೆನ್ನು ತಿರುಗಿಸಿ ಹಿಮ್ಮುಖವಾಗಿ ಹಾರಬೇಕು. ಅದಕ್ಕೆ ಮೊದಲು ಸ್ಪ್ರಿಂಗ್‌ಬೋರ್ಡ್, ಅಂದರೆ ಜಿಗಿಯಲು ಚಿಮ್ಮುವ ಹಲಗೆಯ ಸುತ್ತ ಯು ಆಕಾರದ ಮೆತ್ತೆ ಇಡುತ್ತೇವೆ. ಮಕ್ಕಳಿಗೆ ಅದನ್ನು ಎಳೆದು ತರಲು ಬೇಜಾರು. 1988ರಲ್ಲಿ ಟೋಕಿಯೊದಲ್ಲಿ ಅಮೆರಿಕದ ಜುಲಿಸಾ ಗೊಮೆಜ್ ಎಂಬ 15 ವರ್ಷದ ಹುಡುಗಿಯ ಕಾಲು ಇದೇ ವಾಲ್ಟ್‌ನಲ್ಲಿ ಬೋರ್ಡಿನಿಂದ ಜಾರಿತು. ತಲೆ ಕುದುರೆಗೆ ಬಡಿದು ಕುತ್ತಿಗೆ ಮುರಿಯಿತು. 1991ರಲ್ಲಿ ತೀರಿಕೊಂಡಳು. ಆ ಮೆತ್ತೆ ಕಡ್ಡಾಯವಾದದ್ದು ಅದಾದ ಮೇಲೆ. ಈ ಕಥೆ ಹೇಳಿದ ದಿನದಿಂದ ನಮ್ಮಲ್ಲಿ ಮೆತ್ತೆ ಹಾಕದೆ ಯಾರೂ ಓಡಿಲ್ಲ.

ಸಾಮಾನಾದರೂ ಕಣ್ಣಿಗೆ ಕಾಣುತ್ತದೆ, ಉಳಿಸಿ ಎಂದು ಕೂಗಬಹುದು. ಕಸರತ್ತು ಹಾಗಲ್ಲ. ನಿಮಿಷ, ಒಂದೂವರೆ ನಿಮಿಷ, ಮುಗಿಯಿತು. ವಿಡಿಯೊ ಇಲ್ಲದ ಕಾಲದ್ದು ಪೂರ್ತಿ ಹೋಯಿತು ಎಂದೇ ಎಲ್ಲರೂ ತಿಳಿದಿದ್ದಾರೆ. ಇಲ್ಲಿ ತೀರ್ಪುಗಾರನಾಗಿ ನನ್ನ ಅನುಭವ ಹೇಳಬೇಕು. ನಾವು ಸ್ಪರ್ಧೆ ನೋಡುತ್ತಲೇ ಹಾಳೆಯ ಮೇಲೆ ಸಂಕೇತ ಬರೆಯುತ್ತೇವೆ. ಪ್ರತಿ ಪಲ್ಟಿಗೆ, ಪ್ರತಿ ತಿರುವಿಗೆ, ಪ್ರತಿ ಜಿಗಿತಕ್ಕೆ ಒಂದೊಂದು ಗುರುತು: ಒಂದು ಗೆರೆ, ಒಂದು ಸುಳಿ, ಒಂದು ಅಡ್ಡಗೀಟು. ಕಣ್ಣು ಹಾಳೆಯ ಕಡೆ ತಿರುಗಬಾರದು, ಹಾಗಾಗಿ ಬರಹ ವಕ್ರವಕ್ರ. ಆದರೂ ಗೊತ್ತಿದ್ದವರು ಆ ಒಂದು ಸಾಲು ಓದಿದರೆ ಇಡೀ ಆಟ ಕಣ್ಣ ಮುಂದೆ ಬರುತ್ತದೆ. ಎಲ್ಲಿ ಒಂದು ಕಸರತ್ತಿಗೂ ಇನ್ನೊಂದಕ್ಕೂ ನಡುವಿನ ಕೊಂಡಿ ತಪ್ಪಿತು, ಎಲ್ಲಿ ಕಾಲು ಬಾಗಿತು, ಎಲ್ಲವೂ. ಸಂಗೀತಗಾರರಿಗೆ ಸ್ವರಲಿಪಿ ಇದ್ದ ಹಾಗೆ ನಮಗೆ ಇದು.

ಈ ಹಾಳೆಗಳು ಸ್ಪರ್ಧೆ ಮುಗಿದ ಸಂಜೆಯೇ ಕಸದ ಬುಟ್ಟಿ ಸೇರುತ್ತವೆ. ನಾನೂ ವರ್ಷಗಟ್ಟಲೆ ಹಾಗೇ ಬಿಸಾಕಿದ್ದೇನೆ. ಈಗ ನೆನೆದರೆ ಸಂಕಟವಾಗುತ್ತದೆ. ಎಲ್ಲರ ಮನೆಯಲ್ಲೂ ಉಳಿಯುವುದು ಅಂಕ ಮಾತ್ರ. ಅಂಕ ಒಂದೇ ಏನೂ ಹೇಳುವುದಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರೊಮೇನಿಯಾದ 14 ವರ್ಷದ ನಾಡಿಯಾ ಕೊಮನೇಚಿಗೆ ಹತ್ತಕ್ಕೆ ಹತ್ತು ಬಂದಾಗ ಅಂಕದ ಬೋರ್ಡಿನ ಮೇಲೆ 1.00 ಎಂದು ಮೂಡಿತು. ಹತ್ತು ತೋರಿಸುವ ಸೌಲಭ್ಯವೇ ಅದರಲ್ಲಿ ಇರಲಿಲ್ಲ. 2006ರಲ್ಲಿ ಅಂಕ ಕೊಡುವ ಪದ್ಧತಿಯೇ ಬದಲಾಗಿ, ಕಷ್ಟಕ್ಕೆ ಬೇರೆ, ಅಚ್ಚುಕಟ್ಟಿಗೆ ಬೇರೆ ಅಂಕ ಬಂತು. ಹಳೇ ಹತ್ತನ್ನೂ ಹೊಸ ಹದಿನೈದನ್ನೂ ಪಕ್ಕಪಕ್ಕ ಇಟ್ಟರೆ ಮಕ್ಕಳಿಗೆ ಗೊಂದಲ. ಆಟ ಏನಿತ್ತು ಎಂದು ತಿಳಿದರೆ ಮಾತ್ರ ಅಂಕಕ್ಕೆ ಅರ್ಥ. ತೀರ್ಪುಗಾರ ಗೆಳೆಯರೇ, ದಯವಿಟ್ಟು ಹಾಳೆ ಬಿಸಾಡಬೇಡಿ. ದಿನಾಂಕ, ಊರು, ಆಟಗಾರರ ಹೆಸರು ಬರೆದು ಒಂದು ಫೈಲಿಗೆ ಹಾಕಿ.

ಹೆಸರು ಯಾಕೆ ಅಷ್ಟು ಮುಖ್ಯ? 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹೆಣ್ಣುಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಇಟ್ಟರು. ತಂಡದ ಸ್ಪರ್ಧೆ ಮಾತ್ರ. ಚಿನ್ನ ಗೆದ್ದದ್ದು ನೆದರ್‌ಲ್ಯಾಂಡ್ಸ್. ‘ನೆದರ್‌ಲ್ಯಾಂಡ್ಸ್’ ಎಂದು ಒಂದೇ ಪದ ಬರೆದಿಟ್ಟಿದ್ದರೆ ಮುಂದಿನದು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಎಸ್ಟೆಲಾ ಅಗ್‌ಸ್ಟೆರಿಬೆ, ಹೆಲೆನಾ ನಾರ್ಡ್‌ಹೈಮ್, ಅನ್ನಾ ಪೋಲಾಕ್, ಯೂಡಿಕೆ ಸೈಮನ್ಸ್, ಎಲ್ಕಾ ಡಿ ಲೀವಿ. ತಂಡದಲ್ಲಿದ್ದ ಈ ಐವರೂ ಯಹೂದಿಯರು. ನಾತ್ಸಿಗಳ ಕೈಯಿಂದ ಬದುಕುಳಿದವರು ಎಲ್ಕಾ ಒಬ್ಬರೇ. ಕೋಚ್ ಗೆರಿಟ್ ಕ್ಲೇರೆಕೂಪರ್ ಅವರನ್ನೂ 1943ರಲ್ಲಿ ಸೊಬಿಬೋರ್ ಎಂಬ ನಾತ್ಸಿ ಸಾವಿನ ಶಿಬಿರದಲ್ಲಿ ಕೊಂದರು. ಗುಂಪಿನ ಫೋಟೊ ಕಂಡಾಗಲೆಲ್ಲ ಇವರು ನೆನಪಾಗುತ್ತಾರೆ.

ನಮ್ಮ ಕಡೆ ಕಳೆದುಹೋಗುವ ದಾರಿ ಇನ್ನೊಂದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, 12ನೇ ಶತಮಾನದಲ್ಲೇ, ಜಟ್ಟಿಗಳು ಕಂಬದ ಮೇಲೆ ಮಾಡುವ ಸಾಧನೆಗೆ ‘ಸ್ತಂಭಶ್ರಮ’ ಎಂಬ ಹೆಸರಿದೆ. ಇಂದಿನ ಮಲ್ಲಕಂಬಕ್ಕೆ ರೂಪ ಕೊಟ್ಟವರು ಎರಡನೇ ಬಾಜಿರಾವ್ ಪೇಶ್ವೆಯ ಕಾಲದ ಬಾಳಂಭಟ್ಟ ದಾದಾ ದೇವಧರ್. ಬಾಗಲಕೋಟೆಯ ತುಳಸಿಗೇರಿಯಲ್ಲಿ, ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಇಂದಿಗೂ ಮಕ್ಕಳು ಹರಳೆಣ್ಣೆ ಸವರಿದ ಕಂಬ ಹತ್ತುತ್ತಾರೆ. ಈ ಎರಡು ಕೊನೆಗಳ ನಡುವೆ ನಮ್ಮ ಗರಡಿಗಳಲ್ಲಿ ಯಾರು ಯಾರಿಗೆ ಕಲಿಸಿದರು ಎಂಬುದು ಬಹುಪಾಲು ವಸ್ತಾದರ ತಲೆಯಲ್ಲೇ ಇದೆ. ಪಟ್ಟುಗಳ ಹೆಸರು ಮರಾಠಿಯಿಂದ ಬಂದವು. ‘ಸುಯಿದೋರಾ’ ಎಂದರೆ ಸೂಜಿ-ದಾರ. ಕೈಗೂ ಕಂಬಕ್ಕೂ ನಡುವಿನ ಸಂದಿಯಲ್ಲಿ ಮೈಯನ್ನು ದಾರದ ಹಾಗೆ ಪೋಣಿಸಿ ಹೊರಗೆ ತರಬೇಕು. ಈ ಹೆಸರಿನ ಜೊತೆ ಪಟ್ಟು ಹಿಡಿಯುವ ರೀತಿಯನ್ನೂ ಬರೆದಿಡದಿದ್ದರೆ ನಾಳೆ ಪದ ಮಾತ್ರ ಉಳಿಯುತ್ತದೆ.

ಹಿರಿಯರನ್ನು ಮಾತಾಡಿಸುವುದಕ್ಕೂ ಒಂದು ಹದ ಇದೆ. "ನಿಮ್ಮ ಸಾಧನೆ ಹೇಳಿ" ಎಂದರೆ ಸರ್ಟಿಫಿಕೇಟಿನ ಕಟ್ಟು ತಂದು ಮುಂದಿಡುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. "ಎದರ ಮ್ಯಾಲೆ ಇಳಿತಿದ್ರಿ ಅಜ್ಜಾರ?" ಎಂದು ಕೇಳಿ ನೋಡಿ. ತೆಂಗಿನ ನಾರಿನ ಮ್ಯಾಟು, ಮರದ ಹೊಟ್ಟು ತುಂಬಿದ ಗುಂಡಿ, ಮಳೆ ಬಂದರೆ ಅದು ಕೊಳೆತು ನಾರುತ್ತಿದ್ದದ್ದು, ಹಿಮ್ಮಡಿ ನೋವಿಗೆ ಅಜ್ಜಿ ಹಚ್ಚುತ್ತಿದ್ದ ಅರಿಸಿನ, ಎಲ್ಲ ಹೊರಗೆ ಬರುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಶುರುವಿನಲ್ಲೇ ದಿನಾಂಕ, ಊರು, ಅವರ ಹೆಸರು ಹೇಳಿಸಿ. ಎರಡು ಕಡೆ ಕಾಪಿ ಇಡಿ. ಹಳೇ ಫೋಟೊ ಸಿಕ್ಕರೆ ಲ್ಯಾಮಿನೇಶನ್ ಬೇಡ, ಸೆಲೊಟೇಪ್ ಖಂಡಿತ ಬೇಡ. ಹಿಂದೆ ಪೆನ್ನಿನಿಂದ ಬರೆಯಬೇಡಿ, ಶಾಯಿ ಮುಂದಕ್ಕೆ ಇಳಿಯುತ್ತದೆ. ಮೆತ್ತನೆ ಪೆನ್ಸಿಲ್ಲಿನಿಂದ, ಒತ್ತದೆ ಬರೆಯಿರಿ. ವಿಎಚ್‌ಎಸ್ ಕ್ಯಾಸೆಟ್ ಇದ್ದರೆ ಬೂಷ್ಟು ಹಿಡಿಯುವ ಮೊದಲು ಕಂಪ್ಯೂಟರಿಗೆ ಏರಿಸಿ. ಇದೊಂದು ಕೆಲಸ ಮುಂದಿನ ವರ್ಷಕ್ಕೆ ಇಡುವಂಥದ್ದಲ್ಲ.

ನಾನು ತಂದ ಕುದುರೆಯ ಜೊತೆ ಒಂದು ಫೋಟೊ ಕೂಡ ಬಂದಿತ್ತು. ಅದೇ ಕುದುರೆಯ ಮುಂದೆ ಆರು ಹುಡುಗರು, ಬಿಳಿ ಬನಿಯನ್, ಎಣ್ಣೆ ಹಚ್ಚಿ ಬಾಚಿದ ತಲೆ. ಹಿಂದೆ ಏನೂ ಬರೆದಿರಲಿಲ್ಲ. ಊರಿನ ಹಿರಿಯರ ಮನೆಮನೆಗೆ ತೋರಿಸುತ್ತಾ ಹೋದೆ. ಒಬ್ಬರು ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿ, ಬಲಗಡೆಯಿಂದ ಎರಡನೆಯವನ ಮೇಲೆ ಬೆರಳಿಟ್ಟು, "ಇದು ನಾನೇ" ಎಂದರು. ಉಳಿದವರಲ್ಲಿ ನಾಲ್ವರ ಹೆಸರನ್ನು ಅವರೇ ಹೇಳಿದರು. ಈಗ ಫೋಟೊ ಹಿಂದೆ ಪೆನ್ಸಿಲ್ಲಿನಲ್ಲಿ ಐದು ಹೆಸರಿದೆ. ಎಡಗಡೆ ಕೊನೆಯಲ್ಲಿ, ಸ್ವಲ್ಪ ನಗುತ್ತಾ ನಿಂತ ಹುಡುಗ ಯಾರು ಎಂದು ಇನ್ನೂ ಹುಡುಕುತ್ತಿದ್ದೇನೆ.