ರಜೆಯ ಮರುದಿನದ ಹೊಟ್ಟೆನೋವು

ಕಾರ್ಖಾನೆ ವೈದ್ಯನ ಕೋಣೆಗೆ ಯಾರೂ ‘ನನಗೆ ಕುಡಿತ ಜಾಸ್ತಿ ಆಗಿದೆ’ ಅಂತ ಹೇಳಿಕೊಂಡು ಬರುವುದಿಲ್ಲ. ಹೊಟ್ಟೆನೋವು ಅಂತ ಬರುತ್ತಾರೆ. ತಲೆಸುತ್ತು, ಭೇದಿ, ನಿದ್ದೆ ಬರ್ತಿಲ್ಲ, ಬೆರಳು ಜಜ್ಜಿಕೊಂಡೆ ಅಂತ ಬರುತ್ತಾರೆ. ವಾರದ ರಜೆಯ ಮರುದಿನ ಬೆಳಿಗ್ಗೆ ಇಂಥವರ ಸಾಲು ಸ್ವಲ್ಪ ಉದ್ದವೇ ಇರುತ್ತದೆ. ಆ ಸಾಲಿನಲ್ಲಿ ಒಂದೇ ಮುಖ ಮತ್ತೆ ಮತ್ತೆ ಕಂಡರೆ, ಮಾತ್ರೆ ಬರೆಯುವ ಮೊದಲು ಎರಡು ನಿಮಿಷ ಜಾಸ್ತಿ ಮಾತಾಡುತ್ತೇನೆ.

ಇವತ್ತು ಬರೆಯುತ್ತಿರುವುದು ಮುಖ್ಯವಾಗಿ ಸೂಪರ್‌ವೈಸರ್‌ಗಳಿಗೆ ಮತ್ತು ಪಕ್ಕದಲ್ಲಿ ನಿಂತು ಕೆಲಸ ಮಾಡುವವರಿಗೆ. ಯಾಕೆಂದರೆ ನನಗೆ ಗೊತ್ತಾಗುವ ಎಷ್ಟೋ ತಿಂಗಳ ಮೊದಲೇ ನಿಮಗೆ ಗೊತ್ತಾಗಿರುತ್ತದೆ. ನೀವು ಹೇಳಿರುವುದಿಲ್ಲ ಅಷ್ಟೆ. ಪಾಪ, ಮನೆಯಲ್ಲಿ ಕಷ್ಟ ಇದೆ, ಮಕ್ಕಳಿದ್ದಾರೆ, ಹೇಳಿದರೆ ಕೆಲಸ ಹೋಗುತ್ತದೆ ಅಂದುಕೊಂಡು ಸುಮ್ಮನಿರುತ್ತೀರಿ. ಆ ಕರುಣೆ ನನಗೆ ಅರ್ಥವಾಗುತ್ತದೆ. ಆದರೆ ಅದರಿಂದ ಆದ ಒಂದು ಅನಾಹುತವನ್ನು ನಾನು ಕಣ್ಣಾರೆ ನೋಡಿದ್ದೇನೆ.

ಒಬ್ಬ ಆಪರೇಟರ್ ಇದ್ದರು. ಒಳ್ಳೆಯ ಕೆಲಸಗಾರ. ಕುಡಿತ ನಿಧಾನವಾಗಿ ಸಂಜೆಯಿಂದ ಬೆಳಗಿನವರೆಗೆ ಹಬ್ಬಿತ್ತು. ಅವರ ಪಕ್ಕದ ಯಂತ್ರದ ಗೆಳೆಯ ಸುಮಾರು ಒಂದು ವರ್ಷ ಅವರನ್ನು ಕಾಪಾಡಿಕೊಂಡು ಬಂದರು. ಇವರು ತಡವಾಗಿ ಬಂದರೆ ಯಂತ್ರ ಶುರು ಮಾಡಿಡುವುದು, ಊಟದ ನಂತರ ಕಾಣೆಯಾದರೆ ಎರಡೂ ಯಂತ್ರ ನೋಡಿಕೊಳ್ಳುವುದು. ಹಾಗೆ ಎರಡು ಕಡೆ ಓಡಾಡುತ್ತಿದ್ದ ಒಂದು ಮಧ್ಯಾಹ್ನ ಗೆಳೆಯನ ಕೈ ಸಿಕ್ಕಿಕೊಂಡಿತು. ಎರಡು ಬೆರಳು ಹೋದವು. ಕುಡಿದವರಿಗೆ ಆವತ್ತು ಒಂದು ಗೀರೂ ಆಗಿರಲಿಲ್ಲ. ಸುರಕ್ಷತೆಯ ಸಭೆಯಲ್ಲಿ ಕುಡಿತದ ಮಾತೇ ಬರಲಿಲ್ಲ. ಗಾಯವಾದವರ ಗಮನ ತಪ್ಪಿತ್ತು ಅಂತ ವರದಿಯಾಯಿತು.

ಹಾಗಾದರೆ ಏನನ್ನು ನೋಡಬೇಕು? ಬಾಯಿಯ ವಾಸನೆಯನ್ನು ಹುಡುಕಲು ಹೋಗಬೇಡಿ. ಕೆಲಸವನ್ನು ನೋಡಿ. ಹಾಜರಿ ಪುಸ್ತಕ ತುಂಬಾ ವಿಷಯ ಹೇಳುತ್ತದೆ. ರಜೆಯ ಹಿಂದೆ ಮುಂದೆ ಇನ್ನೊಂದು ದಿನ ಸೇರಿಕೊಳ್ಳುವುದು, ಸಂಬಳದ ಮರುದಿನ ಗೈರು, ಊಟದ ನಂತರ ಅರ್ಧ ಗಂಟೆ ಸಿಗದಿರುವುದು. ಮೊದಲು ಅಚ್ಚುಕಟ್ಟಾಗಿ ಬರೆಯುತ್ತಿದ್ದವರ ಲಾಗ್ ಪುಸ್ತಕದಲ್ಲಿ ತಪ್ಪುಗಳು. ಸಣ್ಣ ಮಾತಿಗೆ ಸಿಡುಕುವುದು, ಸಾಲ ಕೇಳುವುದು, ಒಂಟಿಯಾಗಿ ಇರಲು ನೋಡುವುದು. ಇವುಗಳಲ್ಲಿ ಯಾವುದೂ ಒಂದೇ ಏನನ್ನೂ ಸಾಬೀತು ಮಾಡುವುದಿಲ್ಲ. ಮನೆಯಲ್ಲಿ ಕಾಯಿಲೆಯವರಿದ್ದರೂ ಹೀಗೇ ಆಗುತ್ತದೆ. ಆ ಮನುಷ್ಯ ಒಂದು ವರ್ಷದ ಹಿಂದೆ ಹೇಗಿದ್ದರು, ಈಗ ಹೇಗಿದ್ದಾರೆ ಅನ್ನುವುದನ್ನು ಹೋಲಿಸಿ ನೋಡಿ. ತಾರೀಕು ಹಾಕಿ ಬರೆದಿಡಿ. ಕಾರಣ ಹುಡುಕುವ ಕೆಲಸ ನಮ್ಮದು, ವೈದ್ಯರದ್ದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಒಮ್ಮೆ ಇಬ್ಬರು ಸೆಕ್ಯುರಿಟಿಯವರು ಒಬ್ಬರನ್ನು ಎರಡೂ ಕಡೆ ಹಿಡಿದುಕೊಂಡು ಬಂದರು. ‘ಡಾಕ್ಟ್ರೇ, ಫುಲ್ ಟೈಟ್ ಆಗಿದ್ದಾರೆ, ಬರೆದುಕೊಡಿ, ಹೊರಗೆ ಕಳಿಸ್ತೀವಿ.’ ಮಾತು ತೊದಲುತ್ತಿತ್ತು, ನಡಿಗೆ ತೂರಾಡುತ್ತಿತ್ತು. ಮೈಯೆಲ್ಲ ಬೆವರು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 40ರ ಆಸುಪಾಸು. 70ಕ್ಕಿಂತ ಕೆಳಗಿಳಿದರೇ ಅದು ಕಡಿಮೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ತಿಂಡಿ ಬಿಟ್ಟು ಶಿಫ್ಟ್‌ಗೆ ಬಂದಿದ್ದರು. ಗ್ಲುಕೋಸ್ ಕೊಟ್ಟ ಹತ್ತು ನಿಮಿಷಕ್ಕೆ ಎದ್ದು ಕೂತು ‘ಏನಾಯ್ತು ಸಾರ್?’ ಅಂದರು. ಗೇಟಿನ ಹೊರಗೆ ಬಿಟ್ಟಿದ್ದರೆ ಎಲ್ಲೋ ಬಿದ್ದು ಪ್ರಾಣ ಹೋಗುತ್ತಿತ್ತು. ತಲೆಗೆ ಪೆಟ್ಟಾದರೂ, ಪಾರ್ಶ್ವವಾಯು ಶುರುವಾದರೂ ಕುಡಿದ ಹಾಗೇ ಕಾಣಬಹುದು. ಕುಡಿದವರಿಗೂ ಇವೆಲ್ಲ ಆಗಬಹುದು, ಅಲ್ವಾ? ಆದ್ದರಿಂದ ತೂರಾಡುವವರನ್ನು ಮೊದಲು ರೋಗಿ ಅಂತಲೇ ನೋಡಿ.

ನಿಜಕ್ಕೂ ಅಮಲಿನಲ್ಲಿದ್ದರೆ ಆ ಹೊತ್ತಿನಲ್ಲಿ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಯಂತ್ರದಿಂದ ದೂರ ಕರೆತನ್ನಿ. ಇಬ್ಬರು ಜೊತೆಗಿರಿ. ಎಲ್ಲರ ಮುಂದೆ ಪ್ರಶ್ನೆ ಮಾಡಬೇಡಿ. ಗಾಡಿಯ ಕೀ ತೆಗೆದುಕೊಂಡು, ಯಾರಾದರೂ ಜೊತೆಗೆ ಹೋಗಿ ಮನೆಯವರ ಕೈಗೆ ಒಪ್ಪಿಸಿ. ಎಬ್ಬಿಸಿದರೂ ಏಳದಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಕ್ಷಣ ಆಂಬುಲೆನ್ಸ್ ಕರೆಯಿರಿ. ‘ಮಲಗಿ ಎದ್ದರೆ ಸರಿ ಹೋಗ್ತಾನೆ’ ಅಂತ ಒಂಟಿಯಾಗಿ ಬಿಟ್ಟು ಬರಬೇಡಿ. ವಾಂತಿ ಉಸಿರಿಗೆ ಸಿಕ್ಕಿ ಸಾಯುವುದು ಹೀಗೇ.

ಮಾತು ಮರುದಿನಕ್ಕೆ. ಬಾಗಿಲು ಹಾಕಿದ ಕೋಣೆಯಲ್ಲಿ. ‘ನೀವು ಕುಡೀತೀರಿ ಅಂತ ಎಲ್ಲರೂ ಹೇಳ್ತಾರೆ’ ಅಂದರೆ ಆ ಮಾತು ಅಲ್ಲಿಗೇ ಮುಗಿಯಿತು. ಅವರು ಇಲ್ಲ ಅನ್ನುತ್ತಾರೆ, ಯಾರು ಹೇಳಿದ್ದು ಅಂತ ಕೇಳುತ್ತಾರೆ, ಜಗಳ ಬೇರೆ ದಾರಿ ಹಿಡಿಯುತ್ತದೆ. ನಾನು ಸೂಪರ್‌ವೈಸರ್‌ಗಳಿಗೆ ಹೇಳಿಕೊಡುವುದು ಹೀಗೆ: ‘ಈ ತಿಂಗಳು ಐದು ದಿನ ತಡವಾಗಿ ಬಂದಿದ್ದೀರಿ. ಹನ್ನೆರಡನೇ ತಾರೀಕು ಯಂತ್ರದ ರಕ್ಷಣೆಯ ಗಾರ್ಡ್ ತೆಗೆದು ನಡೆಸಿದಿರಿ. ಮೊದಲು ನೀವು ಹೀಗಿರಲಿಲ್ಲ. ನನಗೆ ಚಿಂತೆ ಆಗಿದೆ. ಡಾಕ್ಟರ ಹತ್ತಿರ ಹೋಗಿ ಬನ್ನಿ. ಅಲ್ಲಿ ಏನು ಮಾತಾಡಿದಿರಿ ಅಂತ ನಾನು ಕೇಳೋದಿಲ್ಲ. ಆದರೆ ಕೆಲಸ ಹೀಗೇ ಮುಂದುವರಿದರೆ ನಾನು ಮೇಲಕ್ಕೆ ಬರೆಯಲೇಬೇಕಾಗುತ್ತದೆ.’ ಇದಿಷ್ಟೇ. ಆಮೇಲೆ ಸುಮ್ಮನೆ ಕೂತಿರಿ. ಮೊದಲ ಸಲ ಬಹಳ ಜನ ಒಪ್ಪಿಕೊಳ್ಳುವುದಿಲ್ಲ. ಪರವಾಗಿಲ್ಲ. ಎರಡನೇ ಸಲ ಮಾತಾಡುವ ತಾರೀಕನ್ನು ಆಗಲೇ ಗೊತ್ತು ಮಾಡಿ.

‘ಕೇಳೋದಿಲ್ಲ’ ಅಂದ ಮೇಲೆ ನಿಜವಾಗಿಯೂ ಕೇಳಬಾರದು. ನನ್ನ ಕಡತದಲ್ಲಿರುವುದು ನನ್ನ ಕೋಣೆಯಲ್ಲೇ ಇರುತ್ತದೆ. ಎಚ್‌ಆರ್‌ಗೆ ನಾನು ಬರೆದುಕೊಡುವುದು ಇಷ್ಟೇ: ಕೆಲಸಕ್ಕೆ ಯೋಗ್ಯರೇ, ಯಾವ ಕೆಲಸ ಸದ್ಯಕ್ಕೆ ಬೇಡ, ಎಷ್ಟು ದಿನ. ಒಬ್ಬರ ಗುಟ್ಟು ಒಮ್ಮೆ ಸೋರಿದರೆ ಮುಂದಿನ ಹತ್ತು ಜನ ನನ್ನ ಬಾಗಿಲು ತಟ್ಟುವುದಿಲ್ಲ.

ನನ್ನ ಕೋಣೆಯಲ್ಲಿ ಹತ್ತು ಪ್ರಶ್ನೆಗಳ ಒಂದು ಹಾಳೆ ಇದೆ. ವಿಶ್ವ ಆರೋಗ್ಯ ಸಂಸ್ಥೆ ತಯಾರಿಸಿದ ಇದಕ್ಕೆ ‘ಆಡಿಟ್’ ಅಂತ ಹೆಸರು. ಎಷ್ಟು ಸಲ ಕುಡಿಯುತ್ತೀರಿ, ಶುರು ಮಾಡಿದ ಮೇಲೆ ನಿಲ್ಲಿಸಲು ಆಗುತ್ತದಾ, ಬೆಳಿಗ್ಗೆ ಎದ್ದ ಕೂಡಲೇ ಬೇಕೆನಿಸುತ್ತದಾ, ಇಂಥವು. ಒಟ್ಟು 40 ಅಂಕ. 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮುಂದೆ ಮಾತಾಡಬೇಕು ಅಂತ ಅರ್ಥ. ಹತ್ತರಲ್ಲಿ ಬೆಳಗಿನ ಪ್ರಶ್ನೆಗೆ ನಾನು ಜಾಸ್ತಿ ತೂಕ ಕೊಡುತ್ತೇನೆ. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು.

ವೃತ್ತಿಯ ಮೊದಲ ವರ್ಷಗಳ ಮಾತು. ಒಬ್ಬರು ನನ್ನ ಮುಂದೆ ಅತ್ತರು. ನಾನು ಹೆಗಲು ತಟ್ಟಿ, ‘ನಾಳೆಯಿಂದ ಒಂದು ತೊಟ್ಟೂ ಮುಟ್ಟಬೇಡಿ’ ಅಂತ ಹೇಳಿ ಕಳಿಸಿದೆ. ಅವರು ಮಾತು ಉಳಿಸಿಕೊಂಡರು. ಎರಡನೇ ರಾತ್ರಿ ಮನೆಯಲ್ಲಿ ಫಿಟ್ಸ್ ಬಂತು. ಅವರು ಬದುಕಿದ್ದು ಹೆಂಡತಿ ಎಚ್ಚರವಾಗಿದ್ದರಿಂದ. ವರ್ಷಗಟ್ಟಲೆ ದಿನವೂ ಕುಡಿದ ಮಿದುಳು ಅದಕ್ಕೆ ಒಗ್ಗಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಆರರಿಂದ ಎಂಟು ಗಂಟೆಯೊಳಗೆ ನಡುಕ, ಬೆವರು ಶುರು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಸನ್ನಿ ಹಿಡಿಯಬಹುದು: ಇಲ್ಲದ್ದು ಕಾಣುತ್ತದೆ, ಜ್ವರ ಏರುತ್ತದೆ, ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು. ಬೆಳಿಗ್ಗೆ ಕೈ ನಡುಗುವವರನ್ನು, ಹಿಂದೆ ಫಿಟ್ಸ್ ಬಂದವರನ್ನು ವೈದ್ಯರ ನಿಗಾದಲ್ಲೇ ಬಿಡಿಸಬೇಕು. ಬಿ1 ವಿಟಮಿನ್ ಕೊಡಬೇಕು, ನಡುಕ, ಫಿಟ್ಸ್ ತಡೆಯುವ ಔಷಧಿ ಕೊಟ್ಟು ಅದನ್ನು ಹಂತಹಂತವಾಗಿ ಇಳಿಸಬೇಕು. ತಿಂಗಳುಗಟ್ಟಲೆ ನಿದ್ದೆ ಮಾತ್ರೆ ನುಂಗಿದವರಿಗೂ ಇದೇ ಮಾತು. ಆದ್ದರಿಂದ ಮ್ಯಾನೇಜರ್‌ಗಳೇ, ‘ಇವತ್ತೇ ಬಿಡು, ಇಲ್ಲಾಂದ್ರೆ ಕೆಲಸ ಬಿಡು’ ಅಂತ ದಯವಿಟ್ಟು ಗದರಿಸಬೇಡಿ.

ಪರೀಕ್ಷೆಯ ಬಗ್ಗೆ ತುಂಬಾ ಜನ ಕೇಳುತ್ತಾರೆ. ಗೇಟಿನಲ್ಲಿ ಊದುವ ಯಂತ್ರ ಇಟ್ಟರೆ ಸಾಕಲ್ವಾ ಅಂತ. ಉಸಿರಿನ ಪರೀಕ್ಷೆ ಆ ಹೊತ್ತಿನ ಮದ್ಯವನ್ನು ತೋರಿಸುತ್ತದೆ, ಹಾಗಾಗಿ ಉಪಯೋಗ ಇದೆ. ಆದರೆ ಮದ್ಯಸಾರ ಇರುವ ಬಾಯಿ ತೊಳೆಯುವ ದ್ರಾವಣ ಬಳಸಿದ ಕೂಡಲೇ ಊದಿದರೂ ಅದು ಹೌದು ಅನ್ನುತ್ತದೆ. ಹದಿನೈದು ಇಪ್ಪತ್ತು ನಿಮಿಷ ಕಾದು ಮತ್ತೆ ನೋಡಬೇಕು. ಮೂತ್ರ ಪರೀಕ್ಷೆಯ ಕತೆ ಬೇರೆ. ದಿನವೂ ಗಾಂಜಾ ಸೇದುತ್ತಿದ್ದವರು ಬಿಟ್ಟು ವಾರಗಳಾದರೂ ಅದರಲ್ಲಿ ಸಿಗಬಹುದು. ಇವತ್ತು ಅಮಲಿನಲ್ಲಿದ್ದಾರಾ ಅನ್ನುವುದನ್ನು ಅದು ಹೇಳುವುದೇ ಇಲ್ಲ. ಗಸಗಸೆ ತಿಂದವರಲ್ಲೂ, ಕೊಡೀನ್ ಇರುವ ಕೆಮ್ಮಿನ ಸಿರಪ್ ಕುಡಿದವರಲ್ಲೂ ಅಫೀಮಿನ ಗುಂಪಿನ ಪರೀಕ್ಷೆ ಪಾಸಿಟಿವ್ ಬರಬಹುದು. ಮೊದಲ ಸ್ಟ್ರಿಪ್ ಪರೀಕ್ಷೆಯಲ್ಲಿ ಪಾಸಿಟಿವ್ ಬಂದದ್ದನ್ನು ಪ್ರಯೋಗಾಲಯದಲ್ಲಿ ಬೇರೆ ವಿಧಾನದಿಂದ ಖಚಿತ ಮಾಡಿಕೊಳ್ಳದೆ ಒಬ್ಬರ ಅನ್ನ ಕಿತ್ತುಕೊಳ್ಳುವುದು ಅನ್ಯಾಯ.

ಇನ್ನೊಂದು ಲೆಕ್ಕ ಗೊತ್ತಿರಲಿ. ಯಕೃತ್ತು ಗಂಟೆಗೆ ಹೆಚ್ಚುಕಡಿಮೆ ಏಳರಿಂದ ಹತ್ತು ಗ್ರಾಂ ಮದ್ಯಸಾರವನ್ನು ಕರಗಿಸುತ್ತದೆ. ಮಧ್ಯರಾತ್ರಿಯವರೆಗೆ ಕೂತು ನೂರು ಗ್ರಾಂ ಒಳಗೆ ಹಾಕಿಕೊಂಡವರು ಬೆಳಿಗ್ಗೆ ಆರರ ಶಿಫ್ಟ್‌ಗೆ ಬಂದರೆ ಇನ್ನೂ ಅಮಲು ಪೂರ್ತಿ ಇಳಿದಿರಲಿಕ್ಕಿಲ್ಲ. ಕಾಫಿ, ತಣ್ಣೀರು ಸ್ನಾನ, ಯಾವುದೂ ಅದನ್ನು ಬೇಗ ಕರಗಿಸುವುದಿಲ್ಲ. ‘ನಾನು ಕೆಲಸದಲ್ಲಿ ಕುಡಿಯೋದಿಲ್ಲ’ ಅಂತ ಪ್ರಾಮಾಣಿಕವಾಗಿ ಹೇಳುವವರೂ ಹೀಗೆ ಸಿಕ್ಕಿಬೀಳುತ್ತಾರೆ. ಹಡಗಿನವರಿಗೆ ಅಂತರರಾಷ್ಟ್ರೀಯ ನಿಯಮವೇ ಇದೆ: ರಕ್ತದಲ್ಲಿ ಶೇಕಡ 0.05 ಮೀರಬಾರದು. ಭಾರಿ ಯಂತ್ರ ನಡೆಸುವ ಕಡೆ ನನ್ನ ಸಲಹೆ ಸೊನ್ನೆ.

ಕೆಲಸದ ಜಾಗವೂ ತನ್ನನ್ನು ತಾನು ನೋಡಿಕೊಳ್ಳಬೇಕು. ವಾರ ವಾರ ಶಿಫ್ಟ್ ಬದಲಾಗಿ ನಿದ್ದೆ ಕೆಟ್ಟವರು ನಿದ್ದೆಗಾಗಿ ಕುಡಿಯಲು ಶುರು ಮಾಡಿದ್ದನ್ನು ನಾನು ಬಹಳ ಸಲ ಕೇಳಿದ್ದೇನೆ. ಭಾರ ಎತ್ತಿ ಎತ್ತಿ ಸೊಂಟ ಹೋದವರು ನೋವಿನ ಮಾತ್ರೆಗೆ ಅಂಟಿಕೊಳ್ಳುತ್ತಾರೆ. ಗುರಿ ಮುಟ್ಟಿದ ಖುಷಿಗೆ ಕಂಪನಿಯೇ ಮದ್ಯದ ಪಾರ್ಟಿ ಕೊಡುತ್ತದೆ, ಬೇಡ ಅಂದವರನ್ನು ಗೇಲಿ ಮಾಡುತ್ತಾರೆ. ಶಿಫ್ಟ್ ಸರಿಪಡಿಸುವುದು, ಭಾರ ಎತ್ತಲು ಟ್ರಾಲಿ ಕೊಡುವುದು, ಪಾರ್ಟಿಯಿಂದ ಮದ್ಯ ತೆಗೆಯುವುದು, ಇವೆಲ್ಲ ಗೋಡೆಗೆ ಅಂಟಿಸುವ ಪೋಸ್ಟರಿಗಿಂತ ಎಷ್ಟೋ ಪಾಲು ಹೆಚ್ಚು ಕೆಲಸ ಮಾಡುತ್ತವೆ.

ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯ ಗುಣ ಮೊದಲು ಕಣ್ಣಿಗೆ ಬಿದ್ದ ಜಾಗಗಳಲ್ಲಿ ರಬ್ಬರ್ ಕಾರ್ಖಾನೆಯೂ ಒಂದು ಅಂದರೆ ನಂಬುತ್ತೀರಾ? ಅದೇ ಜಾತಿಯ ರಾಸಾಯನಿಕದ ನಡುವೆ ದುಡಿಯುವವರು ಕುಡಿದರೆ ಮುಖ ಕೆಂಪಾಗಿ ಒದ್ದಾಡುತ್ತಿದ್ದರು. ಅಮೆರಿಕದ ಕಾರ್ಖಾನೆ ವೈದ್ಯರೊಬ್ಬರು 1937ರಲ್ಲಿ ಅದನ್ನು ಬರೆದಿಟ್ಟರು. 1948ರಲ್ಲಿ ಡೆನ್ಮಾರ್ಕ್‌ನಲ್ಲಿ ಅದು ಚಿಕಿತ್ಸೆಯಾಯಿತು. ಈಗ ನಾಲ್‌ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್ ಕೂಡ ಇವೆ. ಆದರೆ ಡೈಸಲ್ಫಿರಾಮನ್ನು ಕುಡಿಯುವವರಿಗೆ ಗೊತ್ತಿಲ್ಲದೆ ಊಟದಲ್ಲಿ ಬೆರೆಸಿ ಕೊಡುವವರಿದ್ದಾರೆ. ಗೊತ್ತಿಲ್ಲದೆ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಹಾಗೆ ಯಾವತ್ತೂ ಮಾಡಬೇಡಿ.

ಕೆಲಸದಿಂದ ತೆಗೆದರೆ ಸಮಸ್ಯೆ ಕಾರ್ಖಾನೆಯ ಗೇಟು ದಾಟುತ್ತದೆ, ಅಷ್ಟೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಹೊರತಂದ ಮಾರ್ಗಸೂಚಿ ಇದನ್ನು ಆರೋಗ್ಯದ ಸಮಸ್ಯೆ ಅಂತಲೇ ನೋಡಿ ಅನ್ನುತ್ತದೆ. ಶಿಸ್ತುಕ್ರಮಕ್ಕೂ ಅಲ್ಲಿ ಜಾಗ ಇದೆ, ಆದರೆ ಚಿಕಿತ್ಸೆಯ ದಾರಿ ಮೊದಲು. ಅಮೆರಿಕದಲ್ಲಿ ವ್ಯಸನಕ್ಕೆ ಸಿಕ್ಕಿದ 904 ವೈದ್ಯರನ್ನು ಐದು ವರ್ಷ ಹಿಂಬಾಲಿಸಿದ ಅಧ್ಯಯನ 2008ರಲ್ಲಿ ಬಂತು. ನಿಗಾದಲ್ಲಿದ್ದ ಅವಧಿಯಲ್ಲಿ ಐವರಲ್ಲಿ ಸುಮಾರು ನಾಲ್ವರ ಪರೀಕ್ಷೆ ಒಮ್ಮೆಯೂ ಪಾಸಿಟಿವ್ ಬರಲಿಲ್ಲ. ಅವರಿಗೆ ಒಳ್ಳೆಯ ಚಿಕಿತ್ಸೆ ಸಿಕ್ಕಿತ್ತು, ವರ್ಷಗಟ್ಟಲೆ ನಿಗಾ ಇತ್ತು, ಉಳಿಸಿಕೊಳ್ಳಲು ಒಂದು ಕೆಲಸ ಇತ್ತು. ವೈದ್ಯರಿಗೂ ಪೈಲಟ್‌ಗಳಿಗೂ ಹೀಗೆ ಕಾಯುವ ತಾಳ್ಮೆ ನಮಗೆ ಇದೆ. ಕಸ ಗುಡಿಸುವವರಿಗೆ, ಗುತ್ತಿಗೆ ಹೆಲ್ಪರ್‌ಗೆ ಮಾತ್ರ ಅದೇ ದಿನ ಗೇಟು ತೋರಿಸುತ್ತೇವೆ. ಇದು ನನ್ನನ್ನು ಬಹಳ ನೋಯಿಸುತ್ತದೆ. ಮಿದುಳು ಒಂದೇ, ಕಾಯಿಲೆಯೂ ಒಂದೇ.

ವಾಪಸ್ ಬಂದವರ ಮೊದಲ ಕೆಲವು ತಿಂಗಳು ಎಲ್ಲಕ್ಕಿಂತ ನಾಜೂಕು. ಹಗಲು ಶಿಫ್ಟ್ ಕೊಡಿ. ಅಪಾಯದ ಯಂತ್ರವನ್ನು ನಾನು ಬರೆದುಕೊಟ್ಟ ಮೇಲೆ ಕೊಡಿ. ಚಿಕಿತ್ಸೆಗೆ, ಆಪ್ತ ಸಮಾಲೋಚನೆಗೆ ಹೋಗುವ ಗಂಟೆಯನ್ನು ರಜೆಯಲ್ಲಿ ಕಳೆಯಬೇಡಿ. ಹತ್ತಿರ ಬಂದಾಗಲೆಲ್ಲ ಮೂಗು ಅರಳಿಸಬೇಡಿ. ಮತ್ತೆ ಒಮ್ಮೆ ಕುಡಿದರೆ ಏನು ಮಾಡಬೇಕು ಅನ್ನುವುದನ್ನು ಮೊದಲ ದಿನವೇ ಅವರ ಜೊತೆ ಕೂತು ಬರೆದು, ಇಬ್ಬರೂ ಸಹಿ ಹಾಕಿ. ಎಷ್ಟೋ ಜನ ಒಮ್ಮೆಯಾದರೂ ಜಾರುತ್ತಾರೆ.

ಮೊದಲು ಹೇಳಿದೆನಲ್ಲ, ಆ ಆಪರೇಟರ್. ಗೆಳೆಯನ ಬೆರಳು ಹೋದ ಮೇಲೆ ಅವರೇ ಬಂದು ಚಿಕಿತ್ಸೆಗೆ ಸೇರಿದರು. ಮೂರು ತಿಂಗಳಿಗೆ ವಾಪಸ್ ಬಂದರು. ನಾಲ್ಕು ತಿಂಗಳು ಚೆನ್ನಾಗಿದ್ದರು. ಆಮೇಲೊಂದು ಬೆಳಿಗ್ಗೆ ಶಿಫ್ಟ್ ಶುರುವಾಗುವ ಮೊದಲೇ ಸೂಪರ್‌ವೈಸರ್ ಹತ್ತಿರ ಹೋಗಿ ನಿಂತು, ‘ಸಾರ್, ರಾತ್ರಿ ಕುಡಿದುಬಿಟ್ಟೆ. ಇವತ್ತು ನನ್ನನ್ನ ಯಂತ್ರದ ಹತ್ತಿರ ಬಿಡಬೇಡಿ’ ಅಂದರು. ಸೂಪರ್‌ವೈಸರ್ ಬೈಯಲಿಲ್ಲ. ಕುರ್ಚಿ ಎಳೆದು ಕೂರಿಸಿ, ಹಾಜರಿಯಲ್ಲಿ ಅನಾರೋಗ್ಯ ರಜೆ ಅಂತ ಬರೆದು, ನನಗೆ ಫೋನ್ ಮಾಡಿದರು.